ಓರೆಯಾಗಿ ತೋಡಿದ ಸಮಾಧಿ

ನನ್ನ ಸವತಿಯನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ನಾನು ಮದುವೆಯಾಗಿ ಹೆತ್ತೂರು ಕಡೆಯ ಎಸ್ಟೇಟಿಗೆ ಬರುವ ಹೊತ್ತಿಗೆ ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಆದರೂ ನನ್ನ ಹೊಟ್ಟೆ ಉರಿಸುವುದರಲ್ಲಿ ಬದುಕಿರುವವರು ಯಾರೂ ಅವಳ ಹತ್ತಿರಕ್ಕೂ ಬರಲಾರರು. ಸತ್ತವರ ಮೇಲೆ ಮತ್ಸರ ಪಡುವುದು ಪಾಪವೆಂದು ನನಗೆ ಗೊತ್ತು. ಪಾಪನಿವೇದನೆಗೆ ಹೋದಾಗಲೆಲ್ಲ ಅದನ್ನೇ ಹೇಳಿದ್ದೇನೆ. ಒಬ್ಬರು ಫಾದರ್ ಅಂತೂ ನಾನು ಬಾಯಿ ತೆರೆಯುವ ಮೊದಲೇ "ಅದೇ ಅಲ್ವೇನಮ್ಮ?" ಅಂದುಬಿಟ್ಟಿದ್ದರು.

ನಾನು ಆಲೂರಿನವಳು. ಅಪ್ಪ ತಾಲ್ಲೂಕು ಆಫೀಸಿನಲ್ಲಿ ಜವಾನರಾಗಿದ್ದರು. ನಮ್ಮ ಬೀದಿಗೆಲ್ಲ ನಾವೊಂದೇ ಕ್ರೈಸ್ತರ ಮನೆ. ಪಕ್ಕದ ಮನೆಯವರು ಯುಗಾದಿಗೆ ಒಬ್ಬಟ್ಟು ಕೊಟ್ಟರೆ ನಾವು ಕ್ರಿಸ್‌ಮಸ್ಸಿಗೆ ಅವರಿಗೆ ಕರಿದ ಸಿಹಿ ಕಲಕಲ ಕೊಡುತ್ತಿದ್ದೆವು. ನಾನು ಹೊಲಿಗೆ ಕಲಿತೆ. ಊರಿನ ಎಷ್ಟೋ ಮದುವಣಗಿತ್ತಿಯರಿಗೆ ರವಿಕೆ ಹೊಲಿದುಕೊಟ್ಟೆ. ನನ್ನದೇ ಮದುವೆಯ ರವಿಕೆ ಹೊಲಿಯುವ ದಿನ ಬಂದಾಗ ನನಗೆ ಮೂವತ್ತೊಂದು ತುಂಬಿತ್ತು. ಆಗಿನ ಕಾಲಕ್ಕೆ ಅದು ಹೆಣ್ಣಿಗೆ ಮದುವೆಯ ವಯಸ್ಸಲ್ಲ, ಮದುವೆ ಮರೆಯುವ ವಯಸ್ಸು. ಹಾಗಾಗಿ ಎರಡನೆಯ ಸಂಬಂಧ ಅಂದಾಗ ಅಪ್ಪ ಅಮ್ಮ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅವರು ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಲೈನ್‌ಮನೆಗಳ ಆಳುಗಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಾಗ ಪುಸ್ತಕ ಹಿಡಿದು ಹಾಜರಿ ಕರೆಯುವುದು, ಯಾರು ಯಾವ ಕಡೆ ಕೆಲಸಕ್ಕೆ ಅಂತ ಕಳಿಸುವುದು ಅವರ ಕೆಲಸ. ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ದೊಡ್ಡ ದನಿ, ಸಣ್ಣ ಕೋಪ. ಜೊತೆಗೆ ಐದು ವರ್ಷದ ಒಂದು ಹೆಣ್ಣು ಮಗು. ನಾನು ಕಾಲಿಟ್ಟ ದಿನ ಆ ಮಗು ಬಾಗಿಲ ಹಿಂದೆ ನಿಂತು ನನ್ನ ಚಪ್ಪಲಿಯನ್ನೇ ನೋಡುತ್ತಿತ್ತು.

ಮನೆಯಲ್ಲಿ ಎಲ್ಲವೂ ಅವಳು ಇಟ್ಟ ಜಾಗದಲ್ಲೇ ಇತ್ತು. ಸೌಟು ನೇತುಹಾಕುವ ಮೊಳೆ ನನ್ನ ಕೈಗೆ ಎಟುಕುತ್ತಿರಲಿಲ್ಲ. ಅವಳು ನನಗಿಂತ ಎತ್ತರದವಳು. ಮೀನು ಹುರಿಯುವ ಬಾಣಲೆಯ ಹಿಡಿಗೆ ಅವಳು ಸುತ್ತಿದ ಬಟ್ಟೆ ಹಾಗೇ ಇತ್ತು. ಯೇಸುವಿನ ಪಟದ ಕೆಳಗೆ ಅವಳ ಫೋಟೋ. ಸಂಜೆ ಮೂರೂ ಜನ ಅಲ್ಲೇ ಮೊಣಕಾಲೂರಿ ಜಪಸರ ಹೇಳುತ್ತಿದ್ದೆವು. ಜಪ ಮುಗಿದ ಮೇಲೆ ಮಗು "ಮಮ್ಮಿಗೆ ನಿತ್ಯ ಶಾಂತಿ ಕೊಡು" ಅಂತ ಕೈ ಮುಗಿಯುತ್ತಿತ್ತು. ಮಮ್ಮಿ ಅನ್ನುವ ಮಾತು ಆ ಫೋಟೋಗೆ ಮೀಸಲು. ನನ್ನನ್ನು ಮೊದಲು ಆಂಟಿ ಅಂತಿತ್ತು, ಆಮೇಲೆ ತಾನಾಗಿಯೇ ಅಮ್ಮ ಅಂದಿತು. ಖುಷಿಯಾಯಿತು. ಆದರೆ ಇದ್ದ ಎರಡು ಮಾತಿನಲ್ಲಿ ನನಗೆ ಸಿಕ್ಕಿದ್ದು ಉಳಿದದ್ದು ತಾನೇ ಅನ್ನುವ ಕೊರಗೂ ಇತ್ತು. ಶಾಂತಿ ಅವಳಿಗೆ ಸಿಕ್ಕಿತೋ ಇಲ್ಲವೋ, ನನ್ನ ಶಾಂತಿಯಂತೂ ದಿನಾ ಸಂಜೆ ಏಳೂವರೆಗೆ ಹಾಳಾಗುತ್ತಿತ್ತು.

ಕೊಂಕಣಿಯನ್ನು ನಾನು ಕಲಿಯಲಿಲ್ಲ. ಕೇಳಿದರೆ ಅರ್ಥವಾಗುತ್ತಿತ್ತು, ಏಳು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಆಗದಿರುತ್ತದೆಯೇ? ಆದರೆ ನಾಲಿಗೆ ಹೊರಳಿಸಲಿಲ್ಲ. ಅದು ಅವಳ ಭಾಷೆ. ಅವರಿಬ್ಬರೂ ಒಂದೇ ಊರಿನವರು, ಒಂದೇ ಚರ್ಚಿನಲ್ಲಿ ಜ್ಞಾನಸ್ನಾನ ಆದವರು. ಅವರು ಕಾಲೆಡವಿದಾಗ, ನಿದ್ದೆಯಲ್ಲಿ ಬಡಬಡಿಸಿದಾಗ ಬರುತ್ತಿದ್ದದ್ದು ಕೊಂಕಣಿ. ನನ್ನ ಹತ್ತಿರ ಮಾತಾಡುವಾಗ ಮಾತ್ರ ಕನ್ನಡ. ಎಲ್ಲರಿಗೂ ಗಂಡ ಒಳಮನೆಯ ಮಾತಾಡುತ್ತಾನೆ, ನನಗೆ ಜಗಲಿಯ ಮಾತು ಅಂತ ಎಷ್ಟೋ ಸಲ ಒಳಗೊಳಗೇ ಕುದ್ದಿದ್ದೇನೆ.

ನವೆಂಬರಿನ ಶುರುವಿನಲ್ಲಿ ಸತ್ತವರ ದಿನ ಬರುತ್ತದೆ. ಕಾಫಿ ಕೆಂಪಾಗುವ ಹೊತ್ತು. ನಮ್ಮ ಚರ್ಚಿನ ಹಿಂದೆ ಇಳಿಜಾರಿನಲ್ಲಿ ಸ್ಮಶಾನ. ಎಲ್ಲರೂ ತಮ್ಮ ತಮ್ಮವರ ಸಮಾಧಿಯ ಹುಲ್ಲು ಕೆತ್ತಿ, ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚುತ್ತಾರೆ. ಫಾದರ್ ಬಂದು ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಾರೆ. ಅವಳ ಸಮಾಧಿ ಕೆಳಗಡೆ, ಹಲಸಿನ ಮರದ ಹತ್ತಿರ. ಇವರು ಅಲ್ಲಿ ಎರಡು ಬತ್ತಿ ಹಚ್ಚುತ್ತಿದ್ದರು, ತಮ್ಮದೊಂದು, ಮಗುವಿನದೊಂದು. ಬೆಂಕಿಕಡ್ಡಿ ಹಿಡಿದುಕೊಂಡು ನಿಲ್ಲುವುದು ನನ್ನ ಪಾಲಿನ ಸೇವೆ.

ಅಲ್ಲಿ ಒಂದು ಪದ್ಧತಿ. ಸತ್ತವರನ್ನು ಕಾಲು ಪೂರ್ವಕ್ಕೆ ಬರುವ ಹಾಗೆ ಮಲಗಿಸುತ್ತಾರೆ. ಸತ್ತವರೆಲ್ಲ ಏಳುವ ಕಡೆಯ ದಿನ ಒಡೆಯನಾದ ಯೇಸು ಬರುವುದು ಸೂರ್ಯ ಹುಟ್ಟುವ ಕಡೆಯಿಂದ, ಆಗ ಎದ್ದು ಕೂತರೆ ಎಲ್ಲರ ಮುಖವೂ ಅವನ ಕಡೆಗೇ ಇರಬೇಕು. ಚಿಕ್ಕಂದಿನಿಂದ ಕೇಳಿದ ಮಾತೇ ಇದು. ಆದರೆ ಮೊದಲ ವರ್ಷ ಅವಳ ಸಮಾಧಿಯ ಮುಂದೆ ನಿಂತಾಗ ಮಾತ್ರ ಅದರ ಅರ್ಥ ಹೊಳೆಯಿತು. ಎದ್ದು ಕೂತರೆ ಅಂದರೆ, ಇವಳೂ ಏಳುತ್ತಾಳೆ! ಎತ್ತರದ, ಕೊಂಕಣಿ ಮಾತಾಡುವ, ಸೌಟಿನ ಮೊಳೆ ಎಟುಕುವ ಇವಳು ಎದ್ದು ಕೂತು ಗಂಡ ಎಲ್ಲಿ ಅಂತ ನೋಡುತ್ತಾಳೆ. ಆಗ ನಾನೇನು ಬೆಂಕಿಕಡ್ಡಿ ಹಿಡಿದು ನಿಲ್ಲಬೇಕೆ?

ಮನೆಗೆ ಬರುವ ದಾರಿಯಲ್ಲಿ ಕೇಳಿಯೇಬಿಟ್ಟೆ. "ಆ ದಿನ ಎಲ್ಲರೂ ಎದ್ದಾಗ ನೀವು ಯಾರನ್ನ ಹುಡುಕ್ತೀರಿ?"

ಅವರು ನಿಂತು ಜೋರಾಗಿ ನಕ್ಕರು. "ಹುಡುಕಲಿಕ್ಕೆ ನೀನು ಪುರುಸೊತ್ತು ಕೊಡ್ತೀಯಾ ಮಾರಾಯ್ತಿ?" ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, "ಯಾರು ಮೊದಲು ಏಳ್ತಾರೋ ಅವರು ಉಳಿದವರನ್ನ ಎಬ್ಬಿಸಿದರಾಯ್ತು. ಅದಕ್ಕೆ ಯಾಕೆ ಈಗಲೇ ಜಗಳ?" ಅಂದರು. ಹಾಜರಿ ಕರೆಯುವವರಿಗೆ ಎಲ್ಲವೂ ಅಷ್ಟೇ ಸುಲಭ. ಆ ಉತ್ತರದಲ್ಲಿ ನನ್ನ ಹೆಸರಿರಲಿಲ್ಲ ಅನ್ನುವುದನ್ನು ನಾನು ಬಿಟ್ಟುಬಿಡಲಿಲ್ಲ.

ಮಗುವಿಗೆ ಹನ್ನೆರಡು ತುಂಬಿದ ವರ್ಷ, ಜುಲೈನಲ್ಲಿ, ಅವರು ಹೋದರು. ಬೆಳಿಗ್ಗೆ ಹಾಜರಿ ಕರೆಯುತ್ತಾ ಕರೆಯುತ್ತಾ ಎದೆ ಹಿಡಿದುಕೊಂಡು ಕುಸಿದರಂತೆ. ಜೀಪಿನಲ್ಲಿ ಹಾಕಿಕೊಂಡು ಹೊರಟವರು ಸಕಲೇಶಪುರ ಮುಟ್ಟಲಿಲ್ಲ. ಹಾಜರಿ ಪುಸ್ತಕದಲ್ಲಿ ಅರ್ಧ ಪುಟಕ್ಕೆ ಗುರುತಾಗಿತ್ತು, ಉಳಿದರ್ಧ ಖಾಲಿ.

ಚರ್ಚಿನ ಹಿರಿಯರೊಬ್ಬರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡುವವರು. ಸ್ಮಶಾನದಲ್ಲಿ ಜಾಗ ಕಡಿಮೆ, ಹಾಗಾಗಿ ಒಂದೇ ಮನೆಯವರನ್ನು ಹಳೆಯ ಸಮಾಧಿಯಲ್ಲೇ ಇಡುವುದು ವಾಡಿಕೆ. ಆಕೆಯನ್ನು ಇಟ್ಟು ಒಂಬತ್ತು ವರ್ಷವಾಯಿತು, ಈಗ ತೆರೆಯಬಹುದು, ಇವರನ್ನೂ ಅಲ್ಲೇ ಇಡೋಣ, ಅಂದರು. ಇಡೀ ಮನೆಯಲ್ಲಿ ಎಲ್ಲರೂ ಹೌದು ಹೌದು ಅಂತ ತಲೆಯಾಡಿಸಿದರು.

ಅಲ್ಲಿಯವರೆಗೆ ಅಳುತ್ತಾ ಗೋಡೆಗೆ ಒರಗಿದ್ದ ನಾನು ಎದ್ದು ನಿಂತೆ. "ಬೇಡ" ಅಂದೆ. "ಬೇರೆ ತೋಡಿ."

"ಮಳೆಗಾಲ ಅಮ್ಮ. ಹೊಸದು ತೋಡೋದು ಕಷ್ಟ. ಜಾಗವೂ ಇಲ್ಲ, ಮೇಲಿನ ಬೇಲಿ ಹತ್ತಿರ ಸ್ವಲ್ಪ ಇದೆ ಅಷ್ಟೇ."

"ಬೇಲಿ ಹತ್ತಿರವೇ ಆಗಲಿ. ಅವಳ ಸಮಾಧಿ ಮಾತ್ರ ಮುಟ್ಟಬೇಡಿ." ಅವರೆಲ್ಲ ನಾನು ಸತ್ತವಳ ಮೇಲಿನ ಗೌರವಕ್ಕೆ ಹಾಗಂದೆ ಅಂದುಕೊಂಡರು. ಒಬ್ಬಾಕೆ ನನ್ನ ಕೈ ಹಿಡಿದು ಎಂಥ ಮನಸ್ಸಮ್ಮ ನಿಂದು ಅಂತ ಅತ್ತಳು. ಹೆಣದ ಮುಂದೆ ನಿಂತು ನಾನು ಯೋಚಿಸುತ್ತಿದ್ದದ್ದು ಇಷ್ಟೇ: ಕಡೆಯ ದಿನ ಇವರು ಕಣ್ಣು ಬಿಟ್ಟಾಗ ಒಂದೇ ಗುಂಡಿಯಲ್ಲಿ ಅವಳ ಮುಖ ಮೊದಲು ಕಾಣಬಾರದು.

ಮಧ್ಯಾಹ್ನ ಗುಂಡಿ ತೋಡುತ್ತಿದ್ದ ಇಬ್ಬರಲ್ಲಿ ಒಬ್ಬ ಮೈಯೆಲ್ಲ ಕೆಸರು ಮಾಡಿಕೊಂಡು ಬಂದ. "ಅಮ್ಮೋರೆ, ಕೆಳಗೆ ಬಂಡೆ ಐತೆ. ನೆಟ್ಟಗೆ ತೋಡಾಕಾಗಕಿಲ್ಲ. ಓರೆ ಮಾಡ್ಕಂಡು ತೋಡುದ್ರೆ ಆಳ ಸಿಕ್ತದೆ. ಏನ್ಮಾಡಾದು?" ಅಂದ.

ಹಿರಿಯರು ನನ್ನ ಮುಖ ನೋಡಿದರು. ಈಗಲಾದರೂ ಹಳೆಯದಕ್ಕೆ ಒಪ್ಪುತ್ತಾಳೇನೋ ಅಂತ ಅವರ ಆಸೆ. "ಓರೆಯಾಗಿಯೇ ತೋಡಲಿ" ಅಂದೆ.

ಹಾಗೆ ಅವರು ಮಲಗಿದರು, ಆ ಸ್ಮಶಾನದಲ್ಲಿ ಎಲ್ಲರೂ ಒಂದು ದಿಕ್ಕಾದರೆ ಅವರೊಬ್ಬರು ಒಂದು ದಿಕ್ಕು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಒಬ್ಬರಿಗೆ ಸಾಲುವಷ್ಟು ನೆಲ. ಆ ನೆಲ ನನಗೆ ಅಂತ ಫಾದರ್ ಹತ್ತಿರ ಅದೇ ವಾರ ಹೇಳಿಟ್ಟೆ. ದುಃಖದಲ್ಲೂ ಒಂದು ಸಮಾಧಾನ: ಆ ಕಡೆ ಬಂಡೆ, ಈ ಕಡೆ ನಾನು, ಇನ್ನು ಯಾರಿಗೂ ಎಡೆಯಿಲ್ಲ.

ತಿಂಗಳ ಪೂಜೆಯ ದಿನ ತಲೆಯ ಕಡೆ ಮರದ ಶಿಲುಬೆ ನೆಟ್ಟರು. ಮಳೆ ಸ್ವಲ್ಪ ಹೊಳವು ಕೊಟ್ಟಿತ್ತು. ಎಲ್ಲರೂ ಹೋದ ಮೇಲೆ ನಾನು ಶಿಲುಬೆಯ ಹಿಂದೆ ನಿಂತು, ಇವರು ಎದ್ದು ಕೂತರೆ ಏನು ಕಾಣುತ್ತದೆ ಅಂತ ಬಗ್ಗಿ ನೋಡಿದೆ. ಓರೆಯಾದ ಸಮಾಧಿಯ ಕಾಲಿನ ತುದಿ ಇಳಿಜಾರಿಗೆ ಮುಖಮಾಡಿತ್ತು. ಅಲ್ಲಿಂದ ದಾರ ಎಳೆದ ಹಾಗೆ ನೇರ ಕೆಳಗೆ ಹಲಸಿನ ಮರ. ಮರದ ಬುಡದಲ್ಲಿ ಸುಣ್ಣ ಬಳಿದ ಅವಳ ಸಮಾಧಿ, ಬೆಳ್ಳಗೆ, ಕಣ್ಣಿಗೆ ಹೊಡೆಯುವ ಹಾಗೆ.

ಪೂರ್ವಕ್ಕೆ ಮಲಗಿಸಿದ್ದರೆ ಸೂರ್ಯನನ್ನಾದರೂ ನೋಡುತ್ತಿದ್ದರು. ನಾನು ಹಟ ಮಾಡಿ, ಜಗಳ ಮಾಡಿ, ಮಳೆಯಲ್ಲಿ ಬಂಡೆ ಪಕ್ಕ ತೋಡಿಸಿ, ಆ ಮನುಷ್ಯ ಕಣ್ಣು ಬಿಟ್ಟ ಕ್ಷಣ ಅವಳನ್ನೇ ನೋಡುವ ಹಾಗೆ ಮಾಡಿದ್ದೆ. ಒದ್ದೆ ಮಣ್ಣಿನ ಮೇಲೆ ಕೂತು ಅತ್ತೆ. ಅವರು ಸತ್ತರು ಅಂತಲ್ಲ, ಸಿಟ್ಟಿಗೆ ಅತ್ತೆ. ನನ್ನ ಹಣೆಬರಹಕ್ಕೆ ನಾನೇ ಗುದ್ದಲಿ ಕೊಟ್ಟಿದ್ದೆ.

ಎಸ್ಟೇಟಿನ ಮನೆ ಬಿಡಬೇಕಾಯಿತು. ಹೊಲಿಗೆ ಮೆಷಿನು, ಮಗಳು, ಆ ಫೋಟೋ, ಮೂರನ್ನೂ ಕರೆದುಕೊಂಡು ಬಾಳ್ಳುಪೇಟೆಗೆ ಬಂದೆ. ಹೆದ್ದಾರಿಯ ಪಕ್ಕ ದಿನಸಿ ಅಂಗಡಿಯ ಹಿಂದೆ ಒಂದು ಮನೆ ಸಿಕ್ಕಿತು. ಅಂಗಡಿಯಾಕೆ ನನಗಿಂತ ಹತ್ತು ವರ್ಷ ದೊಡ್ಡವರು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಎಲೆಅಡಿಕೆ. ಲಾರಿಯವರು ಬೀಡಿ ಕೇಳಿದರೆ "ಮೊದ್ಲು ಊಟ ಮಾಡ್ರೋ" ಅಂತ ಗದರುವ ಹೆಂಗಸು. ಆಕೆಗೆ ನನ್ನ ಕಥೆಯೆಲ್ಲ ಗೊತ್ತಾಗಲು ಒಂದು ತಿಂಗಳು ಸಾಕಾಯಿತು. ಒಂದು ಸಂಗತಿ ಮಾತ್ರ ಹೇಳಿರಲಿಲ್ಲ, ದಾಸವಾಳದ್ದು.

ದಾಸವಾಳದ್ದು ಇಷ್ಟು. ಅವರ ಸಮಾಧಿಯ ಕಾಲಿನ ತುದಿಗೆ ನಾನು ಮೂರು ದಾಸವಾಳದ ಗೂಟ ನೆಟ್ಟಿದ್ದೆ, ಒತ್ತೊತ್ತಾಗಿ. ಆ ಮಣ್ಣಿಗೆ ಅವು ವರ್ಷದಲ್ಲೇ ಸೊಂಟದೆತ್ತರ ಬಂದವು. ಎರಡನೇ ವರ್ಷಕ್ಕೆ ಬೇಲಿಯಂತಾದವು. ಶಿಲುಬೆಯ ಹಿಂದೆ ನಿಂತು ಬಗ್ಗಿ ನೋಡಿದರೆ ಹಲಸಿನ ಮರದ ತಲೆ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ನನಗೆ ಅಷ್ಟು ಸಾಕಿತ್ತು.

ನಡುವೆ ಒಮ್ಮೆ ಫಾದರ್ ಅವರನ್ನೂ ಕೇಳಿದ್ದೆ. ಎರಡು ಮದುವೆಯಾದವನು ಎದ್ದಾಗ ಯಾರ ಗಂಡ? ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇದು ಹಳೇ ಪ್ರಶ್ನೆ ಅಮ್ಮ, ಯೇಸುಸ್ವಾಮಿಗೇ ಕೇಳಿದ್ದರು, ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ, ಅಂದರು. ನನಗೆ ಸಮಾಧಾನವಾಗಲಿ ಅಂತಲೇ ಅವರು ಹೇಳಿದ್ದು. ನನಗೆ ಮೈ ಉರಿಯಿತು. ಹಾಗಾದರೆ ನಾನು ಏಳು ವರ್ಷ ಬೇಯಿಸಿ ಹಾಕಿದ್ದು, ಕಾಲೊತ್ತಿದ್ದು, ಅವರ ಮಗಳಿಗೆ ಜಡೆ ಹೆಣೆದದ್ದು ಯಾವ ಲೆಕ್ಕಕ್ಕೂ ಇಲ್ಲವೇ? "ಪ್ರೀತಿ ಇರಲ್ಲ ಅಂತ ಹೇಳಿಲ್ಲಮ್ಮ, ಪಾಲು ಇರಲ್ಲ ಅಷ್ಟೇ" ಅಂತ ಅವರು ಸೇರಿಸಿದರು. ಪಾಲಿಲ್ಲದ ಪ್ರೀತಿ ಗೊತ್ತಿರುವುದು ಮದುವೆಯಾಗದವರಿಗೆ ಮಾತ್ರ ಅಂತ ಮನಸ್ಸಿನಲ್ಲೇ ಅಂದುಕೊಂಡು ಬಂದೆ.

ಮೂರನೇ ವರ್ಷದ ಸತ್ತವರ ದಿನಕ್ಕೆ ಅಂಗಡಿಯಾಕೆ ನಾನೂ ಬರುತ್ತೇನೆ ಅಂತ ಹೊರಟರು. ನಿಮ್ಮೋರ ಹಬ್ಬ ಹೆಂಗೆ ಮಾಡ್ತೀರಿ ನೋಡಾನ ಅಂತ. ಸ್ಮಶಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಒಳಗೆ ಬಂದರು. ಎಲ್ಲ ಸಮಾಧಿಗಳನ್ನೂ ಒಂದು ಸುತ್ತು ನೋಡಿ ನಮ್ಮದರ ಹತ್ತಿರ ಬಂದು ನಿಂತರು.

"ಏನವ್ವ ಇದು? ಎಲ್ರೂ ಹೂವಿನ ಗಿಡ ತಲೆ ಹತ್ರ ನೆಟ್ಟವ್ರೆ. ನೀನ್ಯಾಕೆ ಕಾಲ್‌ಬುಡಕ್ಕೆ ನೆಟ್ಟಿದೀಯ? ಅದೂ ದನ ಬರ್ದಂಗೆ ಬೇಲಿ ಕಟ್ದಂಗೆ?"

ಮಗಳು ಕೆಳಗೆ ತನ್ನ ಮಮ್ಮಿಯ ಸಮಾಧಿಯಲ್ಲಿ ಬತ್ತಿ ಹಚ್ಚುತ್ತಿದ್ದಳು. ಅವಳಿಗೆ ಕೇಳಿಸದ ಹಾಗೆ ಎಲ್ಲವನ್ನೂ ಹೇಳಿದೆ. ಕಾಲು ಪೂರ್ವಕ್ಕೆ ಯಾಕೆ, ಬಂಡೆ, ಓರೆ, ಹಲಸಿನ ಮರ, ಎಲ್ಲ. ಆಕೆ ಕೇಳುತ್ತಾ ಕೇಳುತ್ತಾ ಬಾಯಿಗೆ ಸೆರಗು ಒತ್ತಿಕೊಂಡರು. ಹೆಗಲು ಕುಣಿಯತೊಡಗಿತು. ಪಕ್ಕದ ಸಮಾಧಿಯವರೆಲ್ಲ ಪಾಪ ಅಳುತ್ತಿದ್ದಾರೆ ಅಂದುಕೊಂಡಿರಬೇಕು.

"ಅಯ್ಯೋ ನಿನ್ನ! ಮಣ್ಣು ಕಲ್ಲು ಎಲ್ಲಾ ಕೊಡವ್ಕಂಡು ಎದ್ದು ಬರೋನಿಗೆ ನಿನ್ನ ಮೂರು ದಾಸವಾಳದ ಗಿಡ ಅಡ್ಡ ಆಯ್ತದಾ?"

ನನಗೂ ನಗು ಬಂತು, ಅವಮಾನವೂ ಆಯಿತು. ಆಕೆ ಕಣ್ಣೊರೆಸಿಕೊಂಡು ನನ್ನ ಪಕ್ಕ ಹುಲ್ಲಿನ ಮೇಲೆ ಕೂತರು. "ನೋಡವ್ವ, ನಮ್ಮತ್ತೆ ನಂಗೆ ಕೊಟ್ಟ ಕಾಟ ಆ ಶಿವನಿಗೇ ಗೊತ್ತು. ಈಗ ಲಿಂಗೈಕ್ಯ ಆಗ್ಬುಟ್ರು, ಶಿವನಲ್ಲಿ ಸೇರ್ಕಂಡ್ರು, ಮುಗೀತು. ಅವರ ಮ್ಯಾಲೆ ನಂಗೆ ಸಿಟ್ಟೂ ಇಲ್ಲ ಸೆಡವೂ ಇಲ್ಲ. ಶಿವನ ಮ್ಯಾಲೆ ಯಾರಾದ್ರೂ ಸಿಟ್ಟು ಮಾಡ್ಕಂತಾರಾ? ನೀನು ಆವಮ್ಮನ ಮ್ಯಾಲೆ ಇನ್ನೂ ಹಿಂಗೆ ಉರ್ಕಂತಿದೀಯ ಅಂದ್ರೆ, ಅವಳು ಎದ್ದು ಬಂದೇ ಬತ್ತಾಳೆ ಅಂತ ನಿಂಗೆ ಗ್ಯಾರಂಟಿ ಐತೆ. ಸತ್ತೋಳು ಸತ್ಲು ಅಂದ್ಕಂಡಿದ್ರೆ ಬೇಲಿ ಯಾಕೆ ಕಟ್ತಿದ್ದೆ? ಮತ್ತೆ ಅವಳು ಬತ್ತಾಳೆ ಅಂದ್ರೆ ನಿನ್ ಗಂಡನೂ ಬತ್ತಾನೆ ತಾನೆ? ಅದಕ್ಕೆ ಖುಷಿ ಪಡೋದು ಬುಟ್ಟು ದಾಸವಾಳ ನೆಡ್ತಾ ಕುಂತವ್ಳೆ."

ಹಾಗಂದು ಎದ್ದು, ಮೇಣದ ಬತ್ತಿ ಒಂದು ಕೊಡು ಅಂತ ಇಸಿದುಕೊಂಡು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು ನನ್ನ ಗಂಡನ ತಲೆಯ ಹತ್ತಿರ ಹಚ್ಚಿದರು.

ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ. ಸತ್ತವರು ಎದ್ದು ಬರುತ್ತಾರೆ ಅಂತ ಭಾನುವಾರ ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ನಿಂತು ಹೇಳಿದವಳು ನಾನು. ಅದು ಬಾಯಿಪಾಠ. ಮಗ್ಗಿ ಹೇಳಿದ ಹಾಗೆ ಬರುತ್ತಿತ್ತು. ಗಂಡ ಸತ್ತಾಗ ಹತ್ತು ಜನ ಬಂದು ಧೈರ್ಯ ತಂದುಕೋ, ಮತ್ತೆ ಸೇರುತ್ತೀರಿ ಅಂದಾಗ ಒಂದು ಮಾತೂ ಒಳಗೆ ಇಳಿಯಲಿಲ್ಲ. ಆದರೆ ಬಾಯಿಪಾಠದ ಕೆಳಗೆ, ನನಗೇ ತಿಳಿಯದ ಹಾಗೆ, ನಾನು ಅದನ್ನು ಪೂರಾ ನಂಬಿದ್ದೆ. ಎಷ್ಟು ನಂಬಿದ್ದೆ ಅಂದರೆ ಮೊಣಕಾಲೂರಿ ಗೂಟ ನೆಡುವಷ್ಟು. ನನ್ನ ವಿಶ್ವಾಸವೆಲ್ಲ ಹೊಟ್ಟೆಕಿಚ್ಚಿನ ರೂಪದಲ್ಲಿತ್ತು. ಅವರು ಬರುತ್ತಾರೆ. ಆ ದೊಡ್ಡ ದನಿ, ಆ ಸಣ್ಣ ಕೋಪ, ಕೆಸರು ಮೆಟ್ಟಿ ಒಳಗೆ ಬರುವ ಆ ಕೆಟ್ಟ ಅಭ್ಯಾಸ, ಎಲ್ಲವನ್ನೂ ನಾನು ಮತ್ತೆ ನೋಡುತ್ತೇನೆ. ಅವತ್ತು ಮೊದಲ ಸಲ ಸಿಟ್ಟಿಲ್ಲದೆ ಅತ್ತೆ. ಅತ್ತಷ್ಟೂ ಹಗುರವಾಯಿತು. ಮಗಳು ಏನಾಯ್ತಮ್ಮ ಅಂದಳು. ಕಣ್ಣಿಗೆ ಧೂಳು ಅಂದೆ.

ಇಷ್ಟಾದ ಮೇಲೆ ಮತ್ಸರ ಬಿಟ್ಟುಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ದಾಸವಾಳವನ್ನು ನಾನು ಕೀಳಲಿಲ್ಲ. ಅವು ಬೆಳೆದವು, ತುಂಬ ಹೂ ಬಿಟ್ಟವು. ಮಗಳು ಪ್ರತಿ ಸಲ ಬಂದಾಗಲೂ ಆ ಹೂಗಳನ್ನೇ ಕೊಯ್ದು, ಅಪ್ಪನಿಗೆ ಎರಡಿಟ್ಟು, ಉಳಿದದ್ದನ್ನು ಸೆರಗಿನಲ್ಲಿ ತುಂಬಿಕೊಂಡು ಇಳಿದು ಹೋಗಿ ಮಮ್ಮಿಗೆ ಇಡುತ್ತಿದ್ದಳು. ಅವಳನ್ನು ಮರೆಮಾಡಲು ನಾನು ನೆಟ್ಟ ಗಿಡ ಅವಳಿಗೇ ಹೂ ಕೊಡುತ್ತಿತ್ತು. ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ.

ಮಗಳು ಹಾಸನದಲ್ಲಿ ಓದಿದಳು, ಅಲ್ಲೇ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು, ಇಪ್ಪತ್ತಮೂರಕ್ಕೆ ಅಲ್ಲಿಯದೇ ಹುಡುಗನ ಜೊತೆ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ಮನೆಯ ಸತ್ತವರ ಹೆಸರಲ್ಲಿ ಪೂಜೆ ಕೊಟ್ಟು, ಸಮಾಧಿಗಳಿಗೆ ಹೋಗಿ ಅವರನ್ನೂ ಮದುವೆಗೆ ಕರೆಯುವುದು ನಮ್ಮಲ್ಲಿದೆ. ನಾವಿಬ್ಬರೇ ಹೋದೆವು. ಅಪ್ಪನ ಸಮಾಧಿಯ ಮೇಲೆ ಕಾರ್ಡಿಟ್ಟು ಪ್ರಾರ್ಥನೆ ಮಾಡಿದಳು. ಆಮೇಲೆ ಕೆಳಗಿಳಿದಳು. ನಾನು ಯಾವಾಗಲೂ ಮೇಲೆಯೇ ನಿಲ್ಲುವವಳು, ಅವತ್ತು ಯಾಕೋ ಜೊತೆಗೆ ಇಳಿದೆ.

ಅವಳು ಕಾರ್ಡಿನ ಮೇಲೆ ಗಾಳಿಗೆ ಹಾರದಂತೆ ಕಲ್ಲಿಟ್ಟು, ಸಮಾಧಿಯ ಅಂಚಿಗೆ ಕೂತಳು.

"ಅಮ್ಮ, ಒಂದು ಕೇಳ್ತೀನಿ, ನಗಬಾರದು."

"ಕೇಳು."

"ಮಮ್ಮಿ ಹೋದಾಗ ನಂಗೆ ಮೂರು ವರ್ಷ. ಆ ದಿನ ಮಮ್ಮಿ ಎದ್ದಾಗ ಮೂರು ವರ್ಷದ ಮಗೂನ ಹುಡುಕ್ತಾರಲ್ವಾ? ನಾನು ಅಷ್ಟು ಹೊತ್ತಿಗೆ ಮುದುಕಿ ಆಗಿ ಸತ್ತು ಹಾಸನದಲ್ಲೆಲ್ಲೋ ಇರ್ತೀನಿ. ಎದುರಿಗೆ ಹೋಗಿ ನಿಂತ್ರೂ ಯಾರೋ ಅಂದ್ಕೊಂಡು ಬಿಡ್ತಾರೆ. ನನ್ನ ಗುರುತು ಹೇಗೆ ಸಿಗುತ್ತೆ?" ಮದುಮಗಳು, ಮೂರು ವರ್ಷದವಳ ಹಾಗೆ ಬಿಕ್ಕಿದಳು.

ನನಗೆ ನಗು ಬರಲಿಲ್ಲ. ಹದಿನೆಂಟು ವರ್ಷ ಈ ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪಕ್ಕ ಮೊಣಕಾಲೂರಿ ಜಪ ಮಾಡಿದ್ದಳು. ನಾನು ಗಂಡ ಯಾರ ಕಡೆ ನೋಡುತ್ತಾನೆ ಅಂತ ಲೆಕ್ಕ ಹಾಕುತ್ತಿದ್ದಾಗ, ಇವಳು ಮಮ್ಮಿ ತನ್ನನ್ನು ನೋಡಿಯೂ ಗುರುತಿಸದೆ ದಾಟಿಹೋದರೆ ಅಂತ ಹೆದರುತ್ತಿದ್ದಳು. ಅವಳ ಮಮ್ಮಿಗೆ ಇವಳ ಮುಂದಿನ ಹಲ್ಲು ಬಿದ್ದದ್ದು ಗೊತ್ತಿಲ್ಲ. ದೊಡ್ಡವಳಾದದ್ದು ಗೊತ್ತಿಲ್ಲ. ಗಣಿತದಲ್ಲಿ ಫೇಲಾಗಿ ಎರಡು ದಿನ ಊಟ ಬಿಟ್ಟದ್ದು ಗೊತ್ತಿಲ್ಲ. ಅದೆಲ್ಲ ಗೊತ್ತಿರುವವಳು ನಾನೊಬ್ಬಳೇ. ಜೀವಮಾನವಿಡೀ ಅವಳಿಗೇ ಎಲ್ಲ ಸಿಕ್ಕಿತು ಅಂತ ಉರಿದುಕೊಂಡೆನಲ್ಲ, ಸಿಕ್ಕಿದ್ದು ಯಾರಿಗೆ?

"ನಾನಿಲ್ವೇನೇ?" ಅಂದೆ. ಮಾತು ತಾನಾಗಿ ಬಂದುಬಿಟ್ಟಿತ್ತು. "ನಾನು ಅವಳ ಪಕ್ಕದಲ್ಲೇ ಇರ್ತೀನಿ. ನಾನು ತೋರಿಸ್ತೀನಿ."

ಅವಳು ತಲೆಯೆತ್ತಿ ಮೇಲೆ ಬಂಡೆಯ ಕಡೆ ನೋಡಿದಳು. ಆ ಪಕ್ಕದ ನೆಲ ನನ್ನದು ಅಂತ ಅವಳಿಗೂ ಗೊತ್ತಿತ್ತು. ಆಮೇಲೆ ನನ್ನ ಮಡಿಲಲ್ಲಿ ತಲೆಯಿಟ್ಟಳು.

ಮದುವೆ ಮುಗಿದ ವಾರ ಫಾದರ್ ಹತ್ತಿರ ಹೋಗಿ, ಬೇಲಿ ಪಕ್ಕದ ಜಾಗ ನನಗೆ ಬೇಡ, ನಾನು ಹೋದಾಗ ಹಲಸಿನ ಮರದ ಹತ್ತಿರದ ಹಳೆಯ ಸಮಾಧಿಯನ್ನೇ ತೆರೆಯಿರಿ ಅಂತ ಹೇಳಿದೆ. ಅವರು ಹೊಸಬರು, ಆದರೂ ನನ್ನ ಖ್ಯಾತಿ ಅವರವರೆಗೂ ಮುಟ್ಟಿತ್ತು. "ಯಜಮಾನರ ಪಕ್ಕ ಬೇಡ್ವಾ?" ಅಂದರು.

"ಅವರಿಗೆ ನನ್ನ ಗುರುತಿದೆ ಫಾದರ್, ಬಂದು ಸೇರ್ತಾರೆ. ಅವಳಿಗೆ ನನ್ನ ಗುರುತೂ ಇಲ್ಲ, ಮಗಳ ಗುರುತೂ ಇಲ್ಲ."

ಅಂಗಡಿಯಾಕೆಗೆ ಹೇಳಿದಾಗ ಆಕೆ ಎಲೆಅಡಿಕೆ ಉಗಿದು, "ಅಂತೂ ಸವತಿ ಜತೆ ಒಂದೇ ಮನೆ ಮಾಡ್ದೆ ಬುಡು" ಅಂದರು. ಮಾಡಿದೆ. ಪೂರಾ ಒಳ್ಳೆಯತನದಿಂದ ಮಾಡಿದೆ ಅಂತ ಯಾರೂ ತಿಳಿಯಬೇಕಾಗಿಲ್ಲ. ಅವರು ಎದ್ದು ಕೂತಾಗ ನೇರ ಕೆಳಗೆ ನೋಡುತ್ತಾರಲ್ಲ, ಈಗ ಅಲ್ಲಿ ನಾನೂ ಇರುತ್ತೇನೆ. ಹಳೆಯ ಸಮಾಧಿ ತೆರೆದರೆ ಕೆಳಗೆ ಅವಳು, ಮೇಲೆ ನಾನು. ಮೊದಲು ಏಳುವವಳು ನಾನೇ. ಮೊದಲು ಎದ್ದವರು ಉಳಿದವರನ್ನು ಎಬ್ಬಿಸಬೇಕು ಅಂತ ಅವರೇ ಹೇಳಿದ್ದಾರೆ, ಎಬ್ಬಿಸುತ್ತೇನೆ.

ಎಬ್ಬಿಸಿದ ಮೇಲೆ ಕನ್ನಡದಲ್ಲಿ ಮಾತಾಡಿದರೆ ಅವಳಿಗೆ ಅರ್ಥವಾಗುತ್ತದೋ ಇಲ್ಲವೋ. ಅದಕ್ಕೆ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮುದುಕಿಯೊಬ್ಬರ ಹತ್ತಿರ ಹೋಗಿ, ನಾಚಿಕೆ ಬಿಟ್ಟು, ಕೊಂಕಣಿಯಲ್ಲಿ ಎರಡು ಮಾತು ಹೇಳಿಕೊಡಿ ಅಂದೆ. ನಾಲಿಗೆ ಹೊರಳುವವರೆಗೂ ಹೊಲಿಗೆ ಮೆಷಿನಿನ ಮುಂದೆ ಕೂತು ಹೇಳಿಕೊಂಡೆ. ಮೊದಲನೆಯದು, "ಹಿ ತುಜಿ ಧುವ್." ಇವಳು ನಿನ್ನ ಮಗಳು. ಎರಡನೆಯದು, "ಹಿ ಮ್ಹಜಿ ಧುವ್." ಇವಳು ನನ್ನ ಮಗಳು. ಅದನ್ನು ಆಮೇಲೆ ಹೇಳುತ್ತೇನೆ.